ಸ್ಯಾಂಪಲ್

ನಲವತ್ತು ವರ್ಷ ಬ್ಯಾಡಗಿ ಪ್ಯಾಟ್ಯಾಗ
ಮೆಣಸಿನಕಾಯಿ ಚೀಲಕ್ಕ ಕೈ ಹಾಕಿ ಬದುಕಿದಾಂವ ನಾನು.
ಚೀಲದ ಬಾಯಾಗಿಂದು ನೋಡಿ ದರ ಹೇಳಿದಾಂವ ಮುಳಗ್ತಾನ.
ಮೊಣಕೈಮಟ ಒಳಗ ಇಳೀಬೇಕು,
ಒಂದು ಹಿಡಿ ತಗದು ಹಿಚುಕಿದ್ರ ಸಪ್ಪಳ ಹೇಳ್ತೈತಿ:
ಇದು ಈ ಸುಗ್ಗೀದೋ,
ಕೋಲ್ಡ್ ಸ್ಟೋರೇಜಿನಾಗ ಎರಡು ವರ್ಷ ಮಲಗಿ ಎದ್ದದ್ದೋ.

ಈಗ ಅಡಗಿಮನಿ ಮಾಡದಾಗ ಏಳು ಡಬ್ಬಿ ನಿಂತಾವ.
ಹೆಂಡ್ತಿ ತಮ್ಮ ರುದ್ರಮುನಿ ಹುಬ್ಬಳ್ಳಿಯಿಂದ ಹೊತ್ತು ತಂದದ್ದು.
ಮೀನೆಣ್ಣಿ ಅಂದಕೂಡ್ಲೆ ಕಸ್ತೂರೆವ್ವ ಮೂಗು ಮುಚ್ಚಿದ್ಳು,
ಅದು ಅವತ್ತ ಹೊರಗ ಹೋತು. ಆರು ಉಳದುವು.
ಅಶ್ವಗಂಧ, ಅರಿಷಿಣದ ಸತ್ವ, ಮೊಣಕಾಲ ಕೀಲಿಗೊಂದು,
ಮತ್ತ ಹೆಸರು ಓದಾಕ ಬರಲಾರದ್ದೊಂದು,
ಅದು ವಯಸ್ಸನ್ನ ನಿಂದರಸ್ತೈತಂತ.

"ನೂರು ವರ್ಷ, ಮಾವಾ!"
"ಯಾರ ಮ್ಯಾಲೆ ನೋಡ್ಯಾರಪಾ?"
"ಇಲಿ ಮ್ಯಾಲೆ. ಮೂರು ತಿಂಗಳು ಹೆಚ್ಚಿಗಿ ಬದುಕಿದ್ವಂತ."
"ನಮ್ಮ ಗೋದಾಮಿನ ಇಲಿ
ಪಾಷಾಣ ತಿಂದೂ ಬದುಕ್ಯಾವ," ಅಂದ್ಳು ಕಸ್ತೂರೆವ್ವ.

ವಯಸ್ಸಿನ ಚೀಲಕ್ಕೂ ಒಂದು ತಳ ಐತಿ.
ಅಲ್ಲೀಮಟ ಕೈ ಹಾಕಿದಾಂವ
ಯಾವಾಂವೂ ತಿರುಗಿ ಬಂದು ದರ ಹೇಳಿಲ್ಲ.

ಮೆಡಿಕಲ್ಲಿನ ಶಾಹೀನ್ ಮುಂದ ಎಲ್ಲಾ ಸುರುವಿದೆ.
ಸಣ್ಣ ಅಕ್ಷರ ಓದಿ ಎರಡು ಡಬ್ಬಿ ಬದಿಗಿಟ್ಳು:
"ಇವು ನಿಮ್ಮ ಬಿ.ಪಿ. ಗುಳಿಗಿ ಕೂಡ ಜಗಳಾಡಬಹುದು,
ಡಾಕ್ಟರನ್ನ ಕೇಳದ ಮುಟ್ಟಬ್ಯಾಡ್ರಿ."
"ಉಳದದ್ದು?"
"ಗೊತ್ತಿಲ್ರಿ."
ದಲಾಲಿ ಅಂಗಡ್ಯಾಗ ಅಷ್ಟು ವರ್ಷ ಕೂತರೂ
ಮಾರೋರ ಬಾಯಾಗ ಆ ಮಾತು ಕೇಳಿದ್ದಿಲ್ಲ.
ಆವಾಗ ಕುರ್ಚಿ ಎಳಕೊಂಡು ಕೂತೆ.

ಕೀಲಿನ ಕ್ಯಾಪ್ಸೂಲು ಆಕೀನ ಬಿಚ್ಚಿದ್ಳು,
ಅರ್ಧಕ್ಕ ಜ್ವಾಳದ ಹಿಟ್ಟು ತುಂಬಿದ್ಳು.
ಒಂದು ಬಾಟ್ಲಿಗೆ ಕೆಂಪು ದಾರ, ಒಂದಕ್ಕ ಹಸರು.
ಯಾವುದ್ರಾಗ ಏನು ಅನ್ನೂ ಚೀಟಿ
ಡ್ರಾವರಿನಾಗ ಹಾಕಿ ಬೀಗ ಜಡದ್ಳು.
ನುಂಗಾಕಿಗೂ ಗೊತ್ತಿಲ್ಲ, ಬರ್ಯಾಂವಗೂ ಗೊತ್ತಿಲ್ಲ.
ಕಸ್ತೂರೆವ್ವ ಒಪ್ಪಿದ್ಳು, ಒಂದ ಷರತ್ತು:
"ನಾ ಹೇಳಿದಷ್ಟ ಬರೀರಿ. ನಿಮ್ಮ ಅಂದಾಜು ಬ್ಯಾಡ."

ನೋವಿಗೆ ಅಂಕಿ ಕೊಡು ಅಂದ್ರ ಆಕಿ ಮೆಣಸಿನಕಾಯಿ ಜಾತಿ ಹೇಳ್ತಿದ್ಳು.
ಗುಂಟೂರು: ಕೂತರ ಏಳಾಕಾಗವಲ್ದು.
ಕಡ್ಡಿ: ನಡೀತೈತಿ.
ಡಬ್ಬಿ: ಬಣ್ಣ ಅಷ್ಟ, ಖಾರಿಲ್ಲ.

ಹಳೇ ಕಿರ್ದಿ ಪುಸ್ತಕದಾಗ ಇನ್ನೂ ಅದಾವ:
ಸೋಮವಾರ, ಕೆಂಪು. ಗುಂಟೂರು. ಕಟ್ಟಿ ಏರಾಕ ಎರಡು ಸಲ ನಿಂತಳು.
ಗುರುವಾರ, ಕೆಂಪು. ಕಡ್ಡಿ. ರಾತ್ರಿ ಮತ್ತ ಗುಂಟೂರು.
ಅಮಾಸಿ, ಹಸರು. ಕಡ್ಡಿ. ನನ್ನ ಮ್ಯಾಲೆ ಸಿಟ್ಟು, ಕಾರಣ ಕಾಲಲ್ಲ.
ಬುಧವಾರ, ಹಸರು. ತೊಟ್ಟು ಮುರಿಯೋರ ಕೂಡ
ಯಾರ್ಡಿನಾಗ ಸಂಜೀಮಟ ಕೂತು ಬಂದ್ಳು.
ಕಾಲಿನ ಸುದ್ದಿ ಎತ್ತಲಿಲ್ಲ. ಕೇಳಿದ್ರ "ಡಬ್ಬಿ" ಅಂದ್ಳು.

ಎರಡು ತಿಂಗಳಿಗೆ ಶಾಹೀನ್ ಬೀಗ ತಗದ್ಳು.
ಹಸರು ದಾರದ್ದು ಹಿಟ್ಟು.

ರುದ್ರಮುನಿ ಡಬ್ಬಿಯ ಮ್ಯಾಲಿನ ಎಂ.ಆರ್.ಪಿ. ನೋಡಕೋತ ನಿಂತ.
ಗೆದ್ದೆ ಅಂತ ನಾನು ಬಾಯಿ ತಗದೆ, ಶಾಹೀನ್ ತಡದ್ಳು:
"ಒಬ್ರ ಮೊಣಕಾಲು ನೋಡಿ ಏನೂ ಹೇಳಾಕ ಬರೂದಿಲ್ರಿ ಕಾಕಾ.
ಮೊದಲ ತಿಂಗಳು ಚಳಿ ಇತ್ತು, ಎರಡನೇದಕ್ಕ ಬಿಸಲು ಬಿತ್ತು."
ಖರೆ. ಒಂದು ಚೀಲ ನೋಡಿ ಪ್ಯಾಟಿ ದರ ಕಟ್ಟಬಾರ್ದು,
ನಾನ ಹುಡುಗೂರಿಗೆ ಹೇಳಿಕೊಟ್ಟ ಪಾಠ.

ಮಾಡದ ಮೂಲ್ಯಾಗ ಬಿಳಿ ಬಿ.ಪಿ. ಗುಳಿಗಿ ಸುಮ್ನ ಕೂತಿತ್ತು.
ಒಂದಕ್ಕ ಎರಡು ರೂಪಾಯಿ, ಚಿತ್ರಿಲ್ಲ, ನೂರು ವರ್ಷದ ಮಾತಿಲ್ಲ.
ಹಿಂದ ಒಮ್ಮೆ ವಾರ ಬಿಟ್ಟಾಗ
ಯಂತ್ರದಾಗ ಅಂಕಿ ಹೆಂಗ ಜಿಗದಿತ್ತು!
ತಗೊಂಡು ನುಂಗಿದೆ, ಇವತ್ತು ಸ್ವಲ್ಪ ಮರ್ಯಾದಿಲೆ.

ಕಸ್ತೂರೆವ್ವ ಕಟ್ಟಿ ಮ್ಯಾಲಿಂದ ಕೇಳಿದ್ಳು:
"ಹಸರು ದಾರದ್ರಾಗ ಇನ್ನ ಎಷ್ಟದಾವ?"
"ಹದಿನಾಕು."
"ಚೆಲ್ಲಬ್ಯಾಡ್ರಿ."

ಕಿರ್ದಿ ತಗದು ಲಾಟ್ ನಂಬರ್ ಹಾಕಿದೆ.
ಮಾಲು: ಜ್ವಾಳದ ಹಿಟ್ಟು.
ದರದ ಕಾಲಮ್ಮಿಗೆ ಬಂದು ಪೆನ್ನು ನಿಂತತಿ,
ಇನ್ನೂ ನಿಂತೈತಿ.