ಉಡಿಕಿ

ಟೋಕನ್ ನಲವತ್ತೇಳು.
ಅಬುಧಾಬಿಯ ಕೋರ್ಟಿನ ಈ ಹಾಲಿನಲ್ಲಿ
ಗಡಿಯಾರದ ಮುಳ್ಳಿಗೂ ಚಳಿ.
ಸಿಪ್ರಿಯನ್ ಎರಡು ಸಲ ಎದ್ದ, ಎರಡು ಸಲ ಕೂತ.
ಎರಡಕ್ಕೆ ಮುಸಫಾದಲ್ಲಿ ಪಾಳಿ,
ಟಗ್ಗಿನ ಇಂಜಿನು ಬಿಚ್ಚಿಟ್ಟು ಬಂದಿದ್ದಾನೆ.
ಉಗುರಿನ ಸಂದಿಯ ಗ್ರೀಸು
ಇವತ್ತು ಮದುವೆಯೆಂದು ಬಿಟ್ಟುಹೋಗಿಲ್ಲ.

ಗಾಜಿನಾಚೆಯ ಹುಡುಗಿಗೆ ಕೈತುಂಬ ಗೋರಂಟಿ,
ಮದುಮಗಳು ಅವಳೇ ಅನ್ನುವ ಹಾಗೆ.
ಅರ್ಜಿ ತಿರುವುತ್ತ ನನ್ನ ತಾಯಿಯ ಹೆಸರಿಗೆ ನಿಂತಳು.
ಫಕೀರವ್ವ?
ನಮ್ಮಲ್ಲಿ ಫಕೀರಾ ಅಂದರೆ ಬಡವಿ.
ನೀನು ಮುಸ್ಲಿಮಳೇ? ಹಾಗಿದ್ದರೆ ಬೇರೆ ಕೌಂಟರು.

ಅಲ್ಲ, ಶಿರಹಟ್ಟಿ ಫಕೀರಸ್ವಾಮಿಗೆ ಹರಕೆ ಹೊತ್ತು
ಹುಟ್ಟಿದವಳು ಅವ್ವ, ಅಲ್ಲಿ ಏನೆಂದರೆ,
ಎಂದು ಶುರುಮಾಡಿ ಬಿಟ್ಟುಬಿಟ್ಟೆ.
ಅಷ್ಟು ಅಗಲದ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.
ಬಡವಿ ಅನ್ನುವುದೂ ಸುಳ್ಳಲ್ಲ.

ನನ್ನ ಸೋಡಚೀಟಿ ನೋಡಿದಳು,
ಅವನ ಮೊದಲ ಹೆಂಡತಿಯ ಮರಣಪತ್ರ ನೋಡಿದಳು.
ಸಾಕ್ಷಿಗಳು? ನಾನೇ ಕೇಳಿದೆ.
ಬೇಡ.
ಅಪ್ಪ, ಅಣ್ಣ, ಯಾರದಾದರೂ ಒಪ್ಪಿಗೆ?
ಬೇಡ. ನೀವಿಬ್ಬರೇ ಸಾಕು.

ಈ ಒಂದು ಮಾತನ್ನು
ಮುಂಡರಗಿಯ ಕೋರ್ಟಿನಲ್ಲಿ
ಯಾರಾದರೂ ಅವ್ವನಿಗೆ ಅಂದಿದ್ದರೆ.

ಅವ್ವನದು ಉಡಿಕಿ.
ಅಮಾಸಿಗೆ ಎರಡು ದಿನ ಇದ್ದಾಗ
ಹಿತ್ತಲ ಬಾಗಿಲಿಂದ ಒಳಗೆ ಕರೆದು
ಸೀರೆ ಉಡಿಸಿ, ಬಳೆ ಇಡಿಸಿದರು.
ಹಂದರವಿಲ್ಲ, ಅಕ್ಕಿಕಾಳಿಲ್ಲ,
ಮುತ್ತೈದೆಯರು ಹೊರಗೇ ಉಳಿದರು.
ಇದ್ದ ಒಂದು ಕಂದೀಲನ್ನೂ
ಯಾರೋ ಸಣ್ಣ ಮಾಡಿದರಂತೆ.
ಹದಿನಾಲ್ಕು ವರ್ಷ ಅಪ್ಪನ ಹೊಲದ ಕಸ ತೆಗೆದಳು;
ಲಗ್ನದ ಮನೆಗಳಲ್ಲಿ
ಸುರಗಿಯ ನೂಲು ಮುಟ್ಟುವ ಹಾಗಿರಲಿಲ್ಲ.

ಅಪ್ಪ ತೀರಿದ ಮೇಲೆ ದೊಡ್ಡವ್ವನ ಮಕ್ಕಳ ವಕೀಲ
ಕನ್ನಡಕ ಒರೆಸುತ್ತ ಕೇಳಿದ:
ಲಗ್ನದ ಹೆಂಡತಿಯೋ, ಉಡಿಕಿ ಹೆಂಡತಿಯೋ?
ನೋಡಿದವರು ಯಾರಿದ್ದಾರೆ?
ದೀಪಾ ಸಣ್ಣ ಮಾಡಿದ್ರ್ರೀ ಸಾಹೇಬ್ರ,
ಯಾರ ಮಾರೀನೂ ಕಾಣಲಿಲ್ಲ.
ಕೋರ್ಟು ನಕ್ಕಿತು.
ನನಗೆ ಹನ್ನೊಂದು, ಎಲ್ಲರೂ ನಕ್ಕರೆಂದು
ನಾನೂ ನಕ್ಕೆ.
ಆ ನಗು ಇನ್ನೂ ಗಂಟಲಿನಿಂದ ಇಳಿದಿಲ್ಲ.

ಹೋದ ವರ್ಷ ಇವನ ಎದೆಗೆ ಸ್ಟೆಂಟ್ ಹಾಕುವಾಗ
ಸುಳ್ಯದ ನರ್ಸೊಬ್ಬಳು
ಊರಿನವಳೆಂಬ ಅಕ್ಕರೆಯಿಂದಲೇ ಕೇಳಿದಳು:
ನೀವು ಅವರಿಗೆ ಏನಾಗಬೇಕು?
ಒಂಬತ್ತು ವರ್ಷ ಒಂದೇ ಕುಕ್ಕರಿನ ಅನ್ನ ಉಂಡವಳು
ಪರಿಚಯ, ಎಂದೆ.
ಹೊರಗಿನ ಕುರ್ಚಿ ತೋರಿಸಿದಳು.
ರಾತ್ರಿಯಿಡೀ ಆ ಕುರ್ಚಿಯಲ್ಲಿ ಕೂತು
ಅವಳ ಕನ್ನಡವನ್ನೇ ತಿರುವಿದೆ.
ಏನು ಆಗಬೇಕು.
ಆಗಬೇಕಿತ್ತು; ಆಗಿರಲಿಲ್ಲ.

ಸಹಿ ಹಾಕುವಾಗ ಅವನ ಕೈ ನಡುಗಿತು.
ಟಾರ್ಕ್ ಜಾಸ್ತಿಯಾಯ್ತು, ಎಂದ.
ಕಾಗದದ ಮೇಲೆ ಅರಬ್ಬಿ ಬಲಗಡೆಯಿಂದ ಬಂದಿತ್ತು,
ಇಂಗ್ಲಿಷು ಎಡಗಡೆಯಿಂದ,
ನಡುವೆ ಮೊಹರಿನ ಹತ್ತಿರ ಎರಡೂ ನಿಂತಿದ್ದವು,
ಅಂತರಪಟ ಈಗಷ್ಟೇ ಸರಿದ ಹಾಗೆ.
ಕನ್ನಡ ಮಾತ್ರ ಎಲ್ಲೂ ಇರಲಿಲ್ಲ,
ಕರೆಯದ ಬೀಗತಿಯಂತೆ ನನ್ನ ಬಾಯಲ್ಲೇ ಕೂತಿತ್ತು.

ಲ್ಯಾಮಿನೇಟ್ ಮಾಡಿಸಬೇಡಿ ಅಕ್ಕ,
ಕೆಳಗಿನ ಟೈಪಿಂಗ್ ಸೆಂಟರಿನ ಮೊಯ್ದು ಅಂದ,
ಕಾಸರಗೋಡಿನವನು.
ಹಿಂದೆ ಇನ್ನೂ ಸೀಲು ಬೀಳಬೇಕು,
ಇಲ್ಲಿಯದು ಒಂದು, ಎಂಬಸಿಯದು ಒಂದು,
ಊರಲ್ಲಿ ಯಾವನೋ ಗುಮಾಸ್ತ
ಇದೆಂಥ ಮದುವೆ ಎಂದರೆ ಮತ್ತೊಂದು.
ಬೆನ್ನು ಖಾಲಿ ಇಟ್ಟುಕೊಳ್ಳಿ.

ಹೊರಗೆ ಬಂದೊಡನೆ ಕನ್ನಡಕಕ್ಕೆ ಮಂಜು ಹಿಡಿಯಿತು.
ಚೂಡಿದಾರಕ್ಕೆ ಉಡಿ ಇಲ್ಲ,
ಕಾಗದವನ್ನು ದುಪಟ್ಟಾದ ಸೆರಗಲ್ಲೇ ಕಟ್ಟಿಕೊಂಡೆ.

ನಿಮ್ಮ ಕಡೆ ಇದಕ್ಕೆ ಏನಂತಾರೆ,
ಅವನು ಕೇಳಿದ, ಹೊನ್ನಾವರದ ಕನ್ನಡದಲ್ಲಿ.
ಒಪ್ಪಂದ ಅನ್ನಲೇ, ಅದು ಬಾಡಿಗೆ ಮನೆಗೆ.
ಕರಾರು, ಅದು ಕಂಪನಿಗೆ.

ಮಟಮಟ ಮಧ್ಯಾಹ್ನ.
ಪಾರ್ಕಿಂಗಿನ ಖರ್ಜೂರದ ಮರಕ್ಕೂ
ಕಾಲ ಕೆಳಗಷ್ಟೇ ನೆರಳು.
ಪಾಕಿಸ್ತಾನದ ಟ್ಯಾಕ್ಸಿಯವನು ಕಿಟಕಿ ಇಳಿಸಿ ನೋಡುತ್ತಿದ್ದ,
ನೋಡಲಿ.

ಉಡಿಕಿ, ಎಂದೆ,
ಆಚೆ ದಂಡೆಗೂ ಕೇಳುವಷ್ಟು ಜೋರಾಗಿ.