ಹದಿನೇಳರ ಮಗ್ಗಿ

ಉರಿ ನೀಲಿ ಇರಬೇಕ್ರಿ, ಆಪಾ.
ಅಗಸಿ ಹೂವಿನ ನೀಲಿ.
ಹಳದಿ ತಿರುಗಿತಂದ್ರ ತಿಳಕೋರಿ,
ಒಳಗ ಅದಕ್ಕ ಉಸುರು ಸಾಲವಲ್ದು.
ಬರ್ನರ್ ಬಿಚ್ಚೀನಿ, ನೋಡ್ರಿ ಇಲ್ಲಿ:
ಮಳಿಗಾಲ ಪೂರಾ ನೀವು ಗೀಸರ್ ಹಚ್ಚಿಲ್ಲ,
ಜೇಡ ಬಂದು ಮನಿ ಮಾಡ್ಯದ.
ಹೆಸರಕಾಳಿನಷ್ಟು ಜೀವ,
ಬಾಡಿಗಿ ಕೊಡದೆ ಕುಂತು
ಇಡೀ ಉರಿಯ ಗಾಳಿ ತಡ್ದದ.

ಪೈಪಿನ ಮ್ಯಾಲ ತಾರೀಖು ಅದ, ಓದ್ರಿ.
ಹಾಲಿನ ಪಾಕೀಟಿಂದು ಓದ್ತೀರಿ, ಇದನ್ಯಾಕ ಓದಂಗಿಲ್ಲ?
ಜೋಡಿಗಿ ಸಾಬಾಣದ ನೊರಿ ಸವರೀನಿ.
ಗುಳ್ಳಿ ಎದ್ದರ ಸೋರ್ಲಾಕ್ಹತ್ಯದ,
ಏಳದಿದ್ರ ಛಾ ಕುಡಿಯೋಣು.
ಕಡ್ಡಿ ಗೀರಿ ನೋಡೋದು ಮಾತ್ರ ಬ್ಯಾಡ.
ಚಿದ್ರಿ ರೋಡಿನ ಘಾಳೆಪ್ಪ ಮಾಸ್ತರ ಹಂಗೇ ನೋಡಿದ್ರು,
ಹುಬ್ಬು ಇನ್ನಾ ಬಂದಿಲ್ಲ.

ಸೋರೋ ಗ್ಯಾಸಿಗಿ ಕಂಪನಿಯವರು ವಾಸನಿ ಕಟ್ಟ್ಯಾರ,
ಕಳ್ಳ ಬೆಕ್ಕಿನ ಕೊಳ್ಳಿಗಿ ಗೆಜ್ಜಿ ಕಟ್ಟಿದಂಗ.
ಅರ್ಧಮರ್ಧ ಉರಿದ ಗ್ಯಾಸಿನ ವಿಷಕ್ಕ
ಯಾರೂ ಏನೂ ಕಟ್ಟಿಲ್ಲ.
ಬಣ್ಣಿಲ್ಲ, ನಾತಿಲ್ಲ, ಕೆಮ್ಮಿಲ್ಲ.
ನಿದ್ದಿ ಬಂದಂಗ ಬರ್ತದ, ಅಷ್ಟೇ.

ಅದಕ್ಕೇ ಹೇಳೋದು, ಆ ಜಾಳಿಗಿಗಿ ತುರುಕಿದ ಗೋಣಿಚೀಲ ತೆಗೀರಿ.
ಥಂಡಿ, ಗೊತ್ತದ.
ಬೀದರಿನ ಡಿಸೆಂಬರ್ ನನಗೇನು ಹೊಸದಲ್ಲ,
ಮುಂಜಾನಿ ಪಾನಾ ಹಿಡದ್ರ ಅಂಗೈ ಕಚ್ಚತದ.
ಆದ್ರ ನೌಬಾದದ ಕಡಿ ನೆಲದ ಹೊಟ್ಟ್ಯಾಗ
ಸುರಂಗ ತೋಡಿದ ಹಿಂದಿನ ಮಂದಿ
ನೀರಿಗಿ ಒಂದು ದಾರಿ ಮಾಡಿ
ತೋಡೋರ ಉಸುರಿಗಿ ಸಾಲು ಸಾಲು ಕಿಂಡಿ ಬಿಟ್ಟಾರ.
ಅವರ್ಯಾರೂ ಗೀಸರ್ ಕಂಡವರಲ್ಲ.

ಇಷ್ಟು ಹೇಳಿ, ನೂರೈವತ್ತು ತಗೊಂಡು,
ಶಾಗಂಜಿಂದ ಲೂನಾ ಒದ್ದು ಮನಿಗಿ ಬಂದೆ.

ಮಹಾನಂದಾ ರೊಟ್ಟಿ ಬಡೀಲಾಕ್ಹತ್ತಿದ್ಳು.
ಜಳಕದ ಖೋಲ್ಯಾಗ ಭಾಗು, ಬಾಗಿಲಾಚೆ ಅಕಿ ಮಗ್ಗಿ,
ನಾಳಿ ಪರೀಕ್ಷಾ.
ಹದಿನೇಳ ನಾಕ್ಲೆ ಅರವತ್ತೆಂಟು.
ಹದಿನೇಳ ಐದ್ಲೆ ಎಂಬತ್ತೈದು.
ಹದಿನೇಳ ಆರ್ಲೆ

ಹದಿನೇಳ
ಆರ್ಲೆ

ನೀರು ಬೀಳೋ ಸಪ್ಪಳ ಅದ.
ರೊಟ್ಟಿ ಬಡಿಯೋ ಸಪ್ಪಳ ಅದ.
ಮರ್ತಾಳ, ಅಂದ್ಕೊಂಡೆ. ಬೂಟು ಒಂದು ಬಿಚ್ಚಿದೆ.

ಇನ್ನೊಂದು ಬಿಚ್ಚಲಿಲ್ಲ.

ಹೊರಗಿಂದ ನಾಣ್ಯ ಹಾಕಿ ತಿರುವಿದ್ರ ತೆರಿಯಂಗ
ಚಿಲಕ ನಾನೇ ಕೂಡ್ಸಿದ್ದೆ,
ಕಿಸೆದಾಗ ಎರಡು ರೂಪಾಯಿದೂ ಇತ್ತು,
ಇಪ್ಪತ್ತು ವರ್ಷ ನಟ್ಟು ತಿರುವಿದ ಕೈ
ಮೂರು ಸಲ ತಪ್ಪಿತು.

ಉರಿ ಹಳದಿ ಇತ್ತು.

ಟವೆಲ್ಲು ಸುತ್ತಿ ಅಂಗಳಕ್ಕ ಎತ್ಕೊಂಡು ಓಡಿದೆ.
ಯಾವ ಗಾಳಿ ಒಳಗ ಬರಬಾರದಂತ
ಊರ ಮಂದಿ ಚಿಂದಿ ತುರುಕಿ ಕುಂತಾರೋ
ಅದೇ ಗಾಳ್ಯಾಗ ಆಕಿ ಮುಖ ಹಿಡದೆ.
ಗಾಳಿ ಅಳಿಸಲಿಲ್ಲ, ನಡುಗಿಸಿತು.
ನಡುಗೋದು ಕಂಡು ನಾ ಅತ್ತೆ.

ದವಾಖಾನ್ಯಾಗ ಮಾಸ್ಕಿನ ಒಳಗಿಂದ ಏನೋ ಅಂದ್ಳು.
ಕಿವಿ ಹಚ್ಚಿದೆ:
ಪರೀಕ್ಷಾಕ್ಕ ಹೋಗಲೇಬೇಕಾ ಅಪ್ಪಾ?

ಡಾಕ್ಟರ್ ಬರಕೋತ ಕೇಳಿದ್ರು:
ಗೀಸರ್ ಕೂಡ್ಸಿದವ ಯಾರು? ಅವನ ನಂಬರ್ ಅದೇನು?
ಮಹಾನಂದಾ ನನ್ನ ಕಡಿ ನೋಡಲಿಲ್ಲ.
ನೋಡಿದ್ರ ಪಾಡಿತ್ತು.

ನಸುಕಿನ್ಯಾಗ ಒಬ್ಬನೇ ಮನಿಗಿ ಬಂದು
ಸ್ಟೂಲ್ ಹಾಕಿ ಹತ್ತಿದೆ.
ಕಿಂಡ್ಯಾಗ ನನ್ನದೇ ಸ್ವೆಟರ್,
ಹೋದ ವರ್ಷ ಹುಡುಗಿಗಿ ಕೆಮ್ಮು ಆದಾಗ
ಎರಡೂ ತೋಳು ಗಂಟು ಹಾಕಿ
ನಾನೇ ತುರುಕಿದ್ದು,
ನಾಳಿ ತೆಗಿತೀನಂದು.

ಜಗ್ಗಿದೆ. ಮಸಿ ಉದುರಿತು.
ಚೌಕ ಆಕಾಶದ ತುಂಡೊಂದು ಖೋಲಿಗಿ ಬಿತ್ತು, ಥಣ್ಣಗ.
ಸ್ವೆಟರ್ ಝಾಡಿಸಿ ಹಾಕ್ಕೊಂಡೆ,
ತೋಳು ಬಿಗಿ ಆಗ್ಯಾವ.

ಲೂನಾ ಮತ್ತ ಶಾಗಂಜಿಗಿ.
ಬಾಗಿಲ ತೆಗೀರಿ ಆಪಾ, ನಾನು, ಝರೆಪ್ಪ.
ರೊಕ್ಕಕ್ಕ ಬಂದಿಲ್ಲ.
ಗೋಣಿಚೀಲ ತೆಗೆದ್ರ್ಯಾ?