ವರ್ಷಕ್ಕೊಂದೇ ಅಲೆ

ರಾಜಧಾನಿಯಿಂದ ಬಂದ ನಮೂನೆ ಕಡಲಿನ ಅಳತೆಗೆ ಹೊಲಿದದ್ದು.
ದಡದಿಂದ ಎಷ್ಟು ಮೈಲಿ, ಉಪ್ಪು ಎಷ್ಟು,
ಉಬ್ಬರ ಯಾವ ಹೊತ್ತಿಗೆ, ಇಳಿತ ಯಾವ ಹೊತ್ತಿಗೆ.
ಕುಶಾಲನಗರದ ಮೀನುಗಾರಿಕೆ ಕಚೇರಿಯಲ್ಲಿ ಕೂತು
‘ಅನ್ವಯಿಸುವುದಿಲ್ಲ’ ಎಂದು ಬರೆದೆ
ಒಂಬತ್ತು ಸಲ. ಹತ್ತನೆಯ ಕಲಮು:
ಬಳಕೆಗೆ ನ್ಯಾಯವಾದ ಶುಲ್ಕ.
ಅಲ್ಲಿ ಪೆನ್ನು ನಿಂತಿತು.

ಸಭೆಗೆ ದೋಣಿವಿಹಾರದ ಪೆಮ್ಮಯ್ಯ ಬಂದರು,
ಲ್ಯಾಮಿನೇಟ್ ಮಾಡಿಸಿದ ಹಾರಂಗಿಯ ನಕ್ಷೆ ಕಂಕುಳಲ್ಲಿ.
ಮೀನುಮರಿ ಗುತ್ತಿಗೆಯ ಅಸ್ಲಂ.
ಚಪ್ಪಲಿ ಹೊರಗೇ ಬಿಟ್ಟು ತೆಪ್ಪದ ಮುತ್ತಾಯಿ.
ಕುರ್ಚಿ ಖಾಲಿಯಿತ್ತು, ಕೂರಲಿಲ್ಲ;
ಸೀರೆ ಒದ್ದೆ ಅಂದಳು.

ನೀರು ಎಲ್ಲರದು, ಅಂದರು ಪೆಮ್ಮಯ್ಯ,
ಎಲ್ಲರಿಗೂ ಒಂದೇ ದರ ಇರಲಿ.
ಕೇಳಲು ಎಷ್ಟು ಸಮ! ಸಾಹೇಬರು ತಲೆಯಾಡಿಸಿದರು.
ನಾನೂ ಸ್ಕೇಲಿಟ್ಟು ಗೀಟು ಎಳೆಯತೊಡಗಿದ್ದೆ.

ಯಾವ ತಿಂಗಳ ನೀರು, ಸಾರ್?
ಮುತ್ತಾಯಿ ಕೇಳಿದಳು.

ಮಳೇಲಿ ಬಲೆ ಬೀಸಿದ್ರೆ ಕಡ್ಡಿ, ಗೊಬ್ಬರದ ಚೀಲ.
ಏಪ್ರಿಲಲ್ಲಿ ಕೆಸರು. ತೆಪ್ಪ ತಲೆ ಮೇಲೆ ಕವುಚ್ಕೊಂಡು
ಒಂದು ಮೈಲಿ ನಡೆದ್ರೆ ನೀರು.
ಹೊತ್ತ ದಾರಿಗೂ ದುಡ್ಡು ಕೊಡ್ಬೇಕಾ?
ಇವರ ದೋಣಿಗೆ ನೀರಿದ್ರೆ ಸಾಕು.
ನನಗೆ ನೀರಿನೊಳಗೆ ಏನಾದ್ರೂ ಇರ್ಬೇಕು.

ಅಸ್ಲಂ ನಕ್ಕ. ಆಮೇಲೆ ನಗಲಿಲ್ಲ,
ಅವನು ಬಿಟ್ಟ ಕಾಟ್ಲಾ ಮರಿಗಳೂ ಅದೇ ನೀರಿನವು.

ನಾನು ಮೂರನೆಯ ಕಲಮಿಗೆ ವಾಪಸು ಹೋದೆ.
ಉಬ್ಬರ, ಇಳಿತ. ನಮಗೂ ಇದೆಯಲ್ಲ!
ಕಡಲಿಗೆ ದಿನಕ್ಕೆರಡು, ನಮಗೆ ವರ್ಷಕ್ಕೊಂದೇ ಅಲೆ:
ಕಕ್ಕಡದಲ್ಲಿ ಏರಿ,
ಹುತ್ತರಿಯ ಕದಿರು ಒಣಗುವ ಹೊತ್ತಿಗೆ ಇಳಿಯತೊಡಗಿ,
ಮೇ ತಿಂಗಳಲ್ಲಿ, ಮುಳುಗಿದ ಊರಿನ
ಬಾವಿಕಟ್ಟೆಯನ್ನು ಬಿಸಿಲಿಗಿಟ್ಟು ಹೋಗುವ ಅಲೆ.

‘ಅನ್ವಯಿಸುವುದಿಲ್ಲ’ವನ್ನು ಹೊಡೆದುಹಾಕಿ
ಅಳತೆಗೋಲಿನ ಅಡಿಗಳನ್ನು ಬರೆದೆ.
ಎಂಜಿನ್ನಿಗೆ ಇಷ್ಟು, ಬೀಸುಬಲೆಗೆ ಇಷ್ಟು,
ಕೆಂಪು ಗೀಟಿಗಿಂತ ನೀರು ಕೆಳಗಿಳಿದರೆ
ತೆಪ್ಪಕ್ಕೆ ಸೊನ್ನೆ.

ಸಾಹೇಬರು ಆ ಸೊನ್ನೆಯನ್ನೇ ಬಹಳ ಹೊತ್ತು ನೋಡಿದರು,
ಅದರೊಳಗೆ ಯಾರಾದರೂ ಕೂತಿದ್ದಾರೇನೋ ಎಂಬಂತೆ.
ಮೇಲಿನವರು ಒಪ್ಪಲ್ಲ, ಅಂದರು.
ಆದರೂ ಕಳಿಸು, ಅಂದರು.

ಉತ್ತರ ಬಂದಿಲ್ಲ.
ಹಳೇ ದರಕ್ಕೇ ರಸೀದಿ ಹರಿಯುತ್ತಿದ್ದೇನೆ.
ನಿನ್ನೆ ಮುತ್ತಾಯಿ ಎಣಿಸಿ ಕೊಟ್ಟ ನೋಟೊಂದಕ್ಕೆ
ಮೀನಿನ ಹುರುಪೆ ಅಂಟಿತ್ತು, ಉಗುರಿನಷ್ಟು, ಹೊಳೆಯುತ್ತ.
ಚಲನಿನಲ್ಲಿ ಅದಕ್ಕೆ ಕಲಮು ಇಲ್ಲ.
ಕೆರೆಯಲಿಲ್ಲ, ಹಾಗೇ ಕಟ್ಟಿಗೆ ಸೇರಿಸಿ
ಖಜಾನೆಗೆ ಕಳಿಸಿದೆ.